ಮೊಣಕೈ ತೋರಿಸಲು ಹೋದವರ ಎದೆ

ನನ್ನ ಬುದ್ಧಿಗೇಡಿತನವನ್ನು ಮೊದಲೇ ಹೇಳಿಬಿಡುತ್ತೇನೆ: ಮಾವ ಹೃದಯದ ಪರೀಕ್ಷೆ ಮಾಡಿಸಿಕೊಳ್ಳದಂತೆ ತಡೆದದ್ದು ನನ್ನ ಮಿಮಿಕ್ರಿ. ಯಾರ ಸ್ವರವನ್ನಾದರೂ ಕದಿಯುತ್ತೇನೆ. ನನ್ನ ಸ್ವಂತ ಸ್ವರ ತುಕ್ಕು ಹಿಡಿದ ಗೇಟಿನದ್ದು, ಅದನ್ನು ಕದಿಯುವವರಿಲ್ಲ.

ಕಾಪುವಿನಲ್ಲಿ ಬಳೆ ಅಂಗಡಿ ಇಟ್ಟಿರುವ ಮಾವನಿಗೆ ಸೋರಿಯಾಸಿಸ್. ಮೊಣಕೈ, ಮೊಣಕಾಲು ಕೆಂಪಾಗಿ ಬಿಳಿ ಹೊಟ್ಟು ಉದುರುತ್ತದೆ. ಮಣಿಪಾಲದ ಒಬ್ಬ ಚರ್ಮದ ಡಾಕ್ಟರಮ್ಮನ ಬಳಿಗೆ ಅವರನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದವನು ನಾನೇ. ಡಾಕ್ಟರಮ್ಮ ಮೊಣಕೈ ನೋಡಿ, "ಹೃದಯವನ್ನೂ ಒಮ್ಮೆ ತೋರಿಸಿ" ಎಂದರು. ಕಾರಣವನ್ನೂ ಬಿಡಿಸಿ ಹೇಳಿದರು. ನನಗೆ ಪ್ರತಿ ಮಾತೂ ಬಾಯಿಪಾಠವಾಯಿತು, ಮೂಗಿನಲ್ಲಿ ಎಳೆಯುವ ಅವರ ಧಾಟಿಯ ಸಮೇತ.

ನಾಗರಪಂಚಮಿಗೆ ಬೆಳ್ಮಣ್‌ನ ಕುಟುಂಬದ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ನಾಗನ ಕಲ್ಲಿಗೆ ಹಾಲು, ಎಳನೀರು ಎರೆದು ಬಂದು, ಅರಶಿನ ಎಲೆಯ ಕಡುಬು ತಿನ್ನುತ್ತಿದ್ದಾಗ ಮಾವ ಪರೀಕ್ಷೆಯ ಮಾತು ತೆಗೆದರು.

"ಚರ್ಮದ್ದು ನಾಗನಿಗೆ ಬಿಟ್ಟದ್ದು. ಹಾಲೆರೆದಾಯ್ತಲ್ಲ, ಇನ್ನು ಎದೆಯಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದರು ಅಜ್ಜ.

ಕಾರಣ ಗೊತ್ತಿದ್ದವನು ನಾನು, ಹೇಳಬಹುದಿತ್ತು. ಆದರೆ ಸಭೆ ಸಿಕ್ಕಿತಲ್ಲ! ಎದ್ದು ನಿಂತು ಮೊಣಕೈ ಕೆರೆದೆ, ಅಂಗಿ ಕೊಡವಿದೆ, ಮಾವನಾದೆ. ಮೂಗೆಳೆದು ಡಾಕ್ಟರಮ್ಮನಾದೆ: "ಮೊಣಕೈ ತುರಿಸ್ತದಾ? ಹಾಗಾದ್ರೆ ಎದೆ ತೋರಿಸಿ! ನಾಳೆ ಎದೆ ನೋವಾದ್ರೆ ಬನ್ನಿ, ಹಲ್ಲು ಕೀಳುವಾ!"

ಅತ್ತೆ ಕೂಡ ಸೆರಗನ್ನು ಬಾಯಿಗೊತ್ತಿ ನಕ್ಕರು. ಮಾವನೂ ನಕ್ಕರು, ಮಡಚಿದ್ದ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸುತ್ತಾ. ಪರೀಕ್ಷೆಯ ಮಾತನ್ನು ಮತ್ತೆ ಎತ್ತಲಿಲ್ಲ.

ದೀಪಾವಳಿಗೆ ಮುಂಚೆ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಮಾವ ಎದೆ ಹಿಡಿದು ಕುಳಿತರು. ಉಡುಪಿಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಜೀವ ಉಳಿಯಿತು.

ವಾರ್ಡಿನಲ್ಲಿ ಅತ್ತೆ, "ಚರ್ಮಕ್ಕೂ ಹೃದಯಕ್ಕೂ ಸಂಬಂಧ ಉಂಟು ಅಂತ ನಮಗೆ ಯಾರೂ ಹೇಳ್ಲೇ ಇಲ್ಲ" ಎಂದು ಕಣ್ಣೊರೆಸಿಕೊಂಡರು.

"ಹೇಳಿದ್ದರು ಅತ್ತೆ," ಎಂದೆ. ತಲೆ ಎತ್ತಲಾಗಲಿಲ್ಲ. "ಈ ಉರಿಯೂತ ಚರ್ಮದಲ್ಲಿ ಮಾತ್ರ ಅಲ್ಲ, ಒಳಗೆ ರಕ್ತನಾಳಕ್ಕೂ ತಾಗಬಹುದು. ಹೃದಯದ ಅಪಾಯ ಬೇರೆಯವರಿಗಿಂತ ಜಾಸ್ತಿ. ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿಕೊಳ್ಳಿ ಅಂತ..."

ನಿದ್ದೆಯಲ್ಲಿದ್ದಾರೆ ಎಂದು ನಾವು ಅಂದುಕೊಂಡಿದ್ದ ಮಾವ ಕಣ್ಣು ತೆರೆದರು.

"ಎಂತ ಮಾರಾಯ, ಈಗ ನಿನ್ನ ಸ್ವರದಲ್ಲಿ ಹೇಳ್ತಿಯಾ? ಡಾಕ್ಟರಮ್ಮನ ಸ್ವರದಲ್ಲೇ ಹೇಳು. ಅವತ್ತು ಅರ್ಧಕ್ಕೇ ಕೂತದ್ದಲ್ವಾ ನೀನು?"