ಆಂಟಿಯ ದೀಪದ ಸರಕ್ಕೆ ನಾನು ಹಾಕಿದ ಫ್ಯೂಸು

ಆಂಟಿಯ ಬಲಗೈ ಹೆಬ್ಬೆರಳಿನ ಉಗುರೊಂದು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನು ಮೋಟಾಗಿ ಕತ್ತರಿಸಿಕೊಂಡು, ಇದೊಂದನ್ನು ಬೆಳ್ಳುಳ್ಳಿ ಸುಲಿಯಲು, ಅಂಚೆ ಕವರು ಬಿಡಿಸಲು, ದೀಪದ ಸರದ ಪ್ಲಗ್ಗಿನಲ್ಲಿರುವ ಪುಟ್ಟ ಬಾಗಿಲು ಸರಿಸಲು ಮೀಸಲಿಟ್ಟಿದ್ದರು. ಆ ಬಾಗಿಲ ಹಿಂದೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ಫ್ಯೂಸು ಇರುತ್ತದೆಂಬುದು ಅಮೆರಿಕದಲ್ಲಿ ಅನೇಕರಿಗೆ ಗೊತ್ತಿಲ್ಲ. ನನಗೆ ಗೊತ್ತಾದದ್ದೇ ಅನಾಹುತಕ್ಕೆ ಕಾರಣ.

ಡುಲುತ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ಮಂಗಳೂರು ಕಡೆಯ ಕ್ಯಾಥೊಲಿಕರು. ಲೈಬ್ರರಿಯಲ್ಲಿ ನೌಕರಿ, ಮನೆಗೆ ಬಂದ ಮೇಲೂ ಎರವಲು ಕೊಡುವುದೇ ಕೆಲಸ. ಅವರ ಕ್ರಿಸ್ಮಸ್ ದೀಪದ ಸರಗಳು ಅಕ್ಟೋಬರಿನಲ್ಲೇ ಹೊರಟು, ನಮ್ಮ ದೀಪಾವಳಿ ಮುಗಿಸಿಕೊಂಡು, ಡಿಸೆಂಬರಿಗೆ ತವರಿಗೆ ಮರಳುತ್ತಿದ್ದವು. “ದೇವರಿಗೆ ಬಲ್ಬ್ ಲೆಕ್ಕ ಇಲ್ಲ ಮಾರಾಯ್ರೆ, ಡಬ್ಬ ಮಾತ್ರ ವಾಪಸ್ ಕೊಡಿ,” ಅನ್ನುತ್ತಿದ್ದರು.

ಬಿಸಿಯಾಗುವ ಹಳೇ ಬಲ್ಬುಗಳ ಕಾಲ ಅದು. ಒಂದು ಸರದ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸುತ್ತಾ ಹೋಗುವುದು ಆಂಟಿಯ ಪದ್ಧತಿ. ಫ್ಯೂಸು ಹೋಯಿತೆಂದರೆ ಸಾಕೆಂದು ಅರ್ಥ. ಕೊನೆಯ ಸರ ಕಳಚಿ, ಹೊಸ ಫ್ಯೂಸು ಹಾಕಿ, ಚಹಾಕ್ಕೆ ಕೂರುವರು.

ಆ ದೀಪಾವಳಿಗೆ ನಾನು ಎಂಟು ಸರ ಜೋಡಿಸಿದೆ. ಫ್ಯೂಸು ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಪದವಿ ಪಡೆದವನು (ಸಿವಿಲ್, ಇರಲಿ) ಮೂರು ಆಂಪಿಯರಿನ ಗಾಜಿನ ಚೂರಿಗೆ ತಲೆಬಾಗುವುದುಂಟೆ? ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅದೇ ಅಳತೆಯ, ಏಳು ಆಂಪಿಯರಿನದನ್ನು ತಂದು ಕೂರಿಸಿದೆ. ಎಂಟೂ ಬೆಳಗಿದವು.

“ಪ್ಲಗ್ಗಲ್ಲಿ ಮೂರು ಅಂತ ಬರ್ದಿದೆಯಲ್ರೀ?” ಎಂದಳು ಹೆಂಡತಿ.

“ಅದು ಮಿನಿಮಮ್ಮು ಕಣೇ,” ಎಂದು ತೀರ್ಪಿತ್ತೆ.

ಹಬ್ಬ ಕಳೆದ ಮೇಲೆ ಸರಗಳನ್ನು ಹಾಗೆಯೇ ಸುತ್ತಿ, ಫ್ಯೂಸಿನ ಸುದ್ದಿಯೆತ್ತದೆ ಹಿಂತಿರುಗಿಸಿದೆ.

ಕ್ರಿಸ್ಮಸ್ಸಿನ ಮಾರನೆಯ ಬೆಳಿಗ್ಗೆ ಆಂಟಿ ಎಂದಿನಂತೆ ಹಬ್ಬದ ತಿಂಡಿಯ ತಟ್ಟೆ ಹಿಡಿದು ಬಂದರು. ಮುಚ್ಚಿದ್ದ ಬಟ್ಟೆ ತೆಗೆದೆ. ನೆವ್ರಿ, ಗುಳಿಯೊಗಳ ನಡುವೆ ಒಂದು ಕರಕಲು ಮುದ್ದೆ. ಕರಗಿದ ಪ್ಲಗ್ಗು. ಅದರೊಳಗೆ ನನ್ನ ಏಳು ಆಂಪಿಯರು, ಕೂದಲೂ ಕೊಂಕದೆ.

“ನಿಮ್ಮದಲ್ವಾ?” ಅಂದರು.

ಹಿಂದಿನ ದಿನ ಮುಂದಿನ ಕೋಣೆಯ ಪರದೆ ಹೊತ್ತಿಕೊಂಡಿತ್ತಂತೆ. ಹತ್ತಿರದ ಊರು ಕಮ್ಮಿಂಗ್‌ನಿಂದ ಮಗಳ ಜೊತೆ ಬಂದಿದ್ದ ಮೊಮ್ಮಗಳು ಅಲ್ಲೇ ಮಧ್ಯಾಹ್ನದ ನಿದ್ದೆಯಲ್ಲಿದ್ದಳಂತೆ. ಅಂಕಲ್, ಮಗಳು ಇಬ್ಬರೂ ಹೊರಗೆ ಹೋಗಿದ್ದಾಗ ಆಂಟಿಯೇ ಪರದೆ ಕಿತ್ತೆಳೆದು, ತುಳಿದು ಆರಿಸಿದ್ದರು. ಇಲ್ಲಿನ ಮನೆಗಳಿಗೆ ಗೋಡೆಯೊಳಗೂ ಮರ.

“ಫ್ಯೂಸ್ ಹೋಗ್ಲಿ ಅಂತ ನಾನು ಕಾಯ್ತಾ ಇದ್ದೆ. ಹೋಗ್ಲೇ ಇಲ್ಲ. ಹಾಗೆ ಇನ್ನೊಂದು ಸರ, ಇನ್ನೊಂದು ಸರ...” ಧ್ವನಿ ಏರಲಿಲ್ಲ. “ಫ್ಯೂಸ್ ಗಟ್ಟಿ ಇರ್ಬೇಕು ಅಂತಲ್ಲ ಮಾರಾಯ್ರೆ. ವೈರ್ ಎಷ್ಟು ತಡೀತದೋ ಅಷ್ಟೇ. ಮೂರರ ವೈರಿಗೆ ಮೂರು. ಈಗ ತಿಂಡಿ ತಿನ್ನಿ.”

ಮುಂದಿನ ಅಕ್ಟೋಬರಿನಲ್ಲಿ ನಾನು ಆ ಕಡೆ ತಲೆ ಹಾಕಲಿಲ್ಲ. ಅವರೇ ಡಬ್ಬ ಹೊತ್ತು ಬಂದರು. “ಎಂತ, ಈ ಸಲ ದೀಪಾವಳಿ ಇಲ್ವಾ? ಬೇರೆ ಮನೆಗೆ ಹೋಗುವ ಪ್ಲಗ್ ಎಲ್ಲ ಇನ್ನು ನೀವೇ ನೋಡಿ. ನಿಮ್ಮಷ್ಟು ಹೆದರಿದವರು ಈ ಬೀದಿಯಲ್ಲಿ ಯಾರೂ ಇಲ್ಲ.” ಅಂಕಲ್ ಕೂಡ ಎಂದಿನಂತೆ ನಗುತ್ತಲೇ ಮಾತಾಡಿಸುತ್ತಿದ್ದರು. ಅದು ಅವರ ದೊಡ್ಡತನವೆಂದುಕೊಂಡೆ.

ನಾಲ್ಕು ವರ್ಷಗಳ ನಂತರ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಾಗಲೇ ಆಂಟಿಯ ಹೃದಯ ನಿಂತಿತು. ಅಂತ್ಯಕ್ರಿಯೆ ಮುಗಿಸಿ ಬಂದ ಮಧ್ಯಾಹ್ನ ಮನೆ ತುಂಬ ಜನ. ಅಂಕಲ್ ನಗಲು ಯತ್ನಿಸುತ್ತಾ ಹೇಳುತ್ತಿದ್ದರು:

“ಎಲ್ಲದರಲ್ಲೂ ಹುಷಾರು ಅವಳು. ಒಂದೇ ಒಂದು ಸಲ, ಕ್ರಿಸ್ಮಸ್‌ಗೆ ಕ್ಯಾಂಡಲ್ ಹಚ್ಚಿ ಮರ್ತುಬಿಟ್ಳು. ಪರದೆ ಸುಟ್ಟುಹೋಯ್ತು, ಮಗು ಅಲ್ಲೇ ಮಲಗಿತ್ತು. ನಾನು ತುಂಬ ಬೈದೆ. ಮಗಳು ಎರಡು ವರ್ಷ ಮಗುವನ್ನು ಇವಳೊಬ್ಬಳ ಹತ್ರ ಬಿಡ್ಲಿಲ್ಲ. ಇವಳು ಒಂದು ಮಾತು ಆಡ್ಲಿಲ್ಲ ಮಾರಾಯ್ರೆ.”

ಮಗಳು ಕಿಟಕಿಯ ಬಳಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ.

“ಅಂಕಲ್, ಅದು ಕ್ಯಾಂಡಲ್ ಅಲ್ಲ,” ಎಂದೆ.

ಮಗಳು ತಲೆಯೆತ್ತಿದಳು.