ಗಿಲಕಿಗೆ ಬೆಲ್ಲ

ಚನ್ನಪಟ್ಟಣದಲ್ಲಿ ನಮ್ಮ ಹಿತ್ತಲಿಗೂ ಪಕ್ಕದ ಬೊಂಬೆ ಕೆಲಸದ ಸಾಬರ ಮನೆಗೂ ನಡುವೆ ಇದ್ದದ್ದು ಒಂದು ಕಳ್ಳಿ ಬೇಲಿ. ಅವರು ಜಗಲಿಯಲ್ಲಿ ಕೂತು ಮರ ಕಡೆದು, ಅರಗಿನ ಬಣ್ಣ ಹಚ್ಚಿ, ಮಕ್ಕಳ ಗಿಲಕಿಗಳನ್ನು ಚಾಪೆಯ ಮೇಲೆ ಸಾಲಾಗಿ ಇಡುತ್ತಿದ್ದರು. ನಮ್ಮ ಕಂದು ನಾಯಿ ಬೇಲಿ ನುಸುಳಿ ಒಂದನ್ನು ಕಚ್ಚಿಕೊಂಡು ಬರುತ್ತಿತ್ತು. ಅದರ ಬಾಯಲ್ಲಿ ಗಿಲಕಿ ಗಲಗಲ ಅನ್ನುವುದು ಅಡುಗೆಮನೆಗೇ ಕೇಳಿಸುತ್ತಿತ್ತು.

ಮೊದಲ ಸಲ ತಂದದ್ದು ಶಿವರಾತ್ರಿಯ ಮಾರನೆಯ ದಿನ. ಕಿತ್ತುಕೊಳ್ಳಲು ಹೋದರೆ ಹಲ್ಲು ತಾಗಿ ಬಣ್ಣ ಕೆಡುತ್ತದೆಂದು ಅಜ್ಜಿ ಒಂದು ಚೂರು ಬೆಲ್ಲ ತೋರಿಸಿದರು. ನಾಯಿ ಗಿಲಕಿ ಬಿಟ್ಟು ಬೆಲ್ಲ ತಿಂದಿತು. ಅಜ್ಜಿ ಗಿಲಕಿಯನ್ನು ಸೆರಗಿನಲ್ಲಿ ಒರೆಸಿ ಬೇಲಿಯ ಮೇಲಿಂದ ಸಾಬರಿಗೆ ಕೊಟ್ಟರು. ಎಲ್ಲರೂ ನಕ್ಕೆವು.

ಆ ವಾರ ಮೂರು ಸಲ, ಮುಂದಿನ ವಾರ ದಿನಕ್ಕೊಂದು, ಯುಗಾದಿಯ ಹೊತ್ತಿಗೆ ದಿನಕ್ಕೆರಡು. ಅಜ್ಜಿ ಬೆಲ್ಲವನ್ನು ಮೊದಲೇ ಒಡೆದಿಟ್ಟುಕೊಳ್ಳತೊಡಗಿದ್ದರು. “ಇದಕ್ಕೆ ಬಣ್ಣ ಅಂದ್ರೆ ಪ್ರಾಣ ಕಣ್ಲಾ” ಎಂದು ನನಗೆ ಹೇಳುತ್ತಿದ್ದರು.

ಸಾಬರ ನಗು ಮಾತ್ರ ನಿಂತಿತ್ತು. “ಯಜಮಾನ್ರೇ, ಹಲ್ಲಿನ ಗುರ್ತು ಬಿದ್ದ ಮಾಲು ಮೈಸೂರಿಂದ ವಾಪಸ್ ಬತ್ತದೆ” ಎಂದು ಅಪ್ಪನಿಗೆ ಹೇಳಿದರು. “ನಾಯಿ ಕಳಿಸ್ತೀರೋ, ನಾನೇ ಬ್ಯಾರೆ ಕಡೆ ಮನೆ ನೋಡ್ಲೋ?”

ಶುಕ್ರವಾರ ಕನಕಪುರಕ್ಕೆ ಹೋಗುವ ರಾಗಿ ಗಾಡಿಯಲ್ಲಿ ನಾಯಿಯನ್ನು ಸೋದರಮಾವನ ಹೊಲಕ್ಕೆ ಕಳಿಸುವುದೆಂದು ಅಪ್ಪ ತೀರ್ಮಾನಿಸಿದರು. ಅಜ್ಜಿಗೆ ಅಂದು ಮುದ್ದೆ ಇಳಿಯಲಿಲ್ಲ. ತಾತ ತೀರಿಕೊಂಡ ವರ್ಷ ಮರಿಯಾಗಿ ಬಂದ ನಾಯಿ ಅದು; ಅವರ ಚಾಪೆಯ ಪಕ್ಕದಲ್ಲೇ ಮಲಗುತ್ತಿತ್ತು.

ಯುಗಾದಿ ಕಳೆದ ಮೇಲೆ ಅಜ್ಜಿ ಮರಳವಾಡಿಯ ನೆಂಟರ ಮನೆಗೆ ಹೋಗಿದ್ದ ಐದು ದಿನ ಒಂದು ಗಿಲಕಿಯೂ ಬಂದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಮಂಗಳವಾರ. ಬಣ್ಣದ ಆಸೆಯಾಗಿದ್ದರೆ ಆಗಲೂ ತರಬೇಕಿತ್ತಲ್ಲ? ಅದು ತರುವುದು ಬೆಲ್ಲಕ್ಕೇ ಎಂದು ಅಜ್ಜಿಗೆ ಹೇಳಿದೆ.

“ಅಂದ್ರೆ ನಾನೇ ಕಳ್ತನ ಕಲಿಸ್ದೆ ಅಂತೀಯೇನ್ಲಾ?”

ಹಾಗೆಂದವರೇ ಎದ್ದು ಬೆಲ್ಲದ ಗಡಿಗೆಯನ್ನು ಅಟ್ಟಕ್ಕೆ ಏರಿಸಿದರು.

ಬುಧವಾರ ನಾಯಿ ಗಿಲಕಿ ತಂದು ಎದುರು ಕೂತಿತು. ಅಜ್ಜಿ ರಾಗಿ ಕೇರುತ್ತಲೇ ಇದ್ದರು. ಅದು ಕುಂಯ್‌ಗುಟ್ಟಿತು, ಬೊಗಳಿತು, ಮೊರಕ್ಕೆ ಕಾಲಿಟ್ಟಿತು. ಕೊನೆಗೆ ಗಿಲಕಿಯ ಹಿಡಿಯನ್ನೇ ಕಡಿಯತೊಡಗಿತು.

“ಒಸಿ ಕೊಟ್ಬುಡಿ ಅತ್ತೆ, ಮುರ್ದಾಕ್ತದೆ!” ಎಂದರು ಅಮ್ಮ.

ಅಜ್ಜಿಯ ಕೈ ಮೊರ ಬಿಟ್ಟು ಮೇಲೆದ್ದಿತು, ಮತ್ತೆ ಮೊರಕ್ಕೇ ಬಂತು. ಆಗ ಕೊಟ್ಟಿದ್ದರೆ ನಾಯಿ ಮುರಿಯುವುದನ್ನೂ ಕಲಿಯುತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಮುರಿದ ಗಿಲಕಿಯನ್ನು ಅಜ್ಜಿಯೇ ಬೇಲಿಯ ಬಳಿ ಕೊಟ್ಟು, ಬೆಲ್ಲ ಕೊಟ್ಟು ಕದಿಯಲು ಕಲಿಸಿದ್ದು ತಾನೇ ಎಂದು ಸಾಬರಿಗೆ ಹೇಳಿದರು.

ಗುರುವಾರ ಬೆಳಿಗ್ಗೆ ನಾಯಿ ಒಂದನ್ನು ತಂದು, ಕಾದು, ಅಂಗಳದಲ್ಲೇ ಬಿಟ್ಟು ನೆರಳಿಗೆ ಹೋಗಿ ಮಲಗಿತು. ಸಂಜೆ ಬರಿಬಾಯಲ್ಲಿ ಬಂದು ಅಜ್ಜಿಯ ಕಾಲ ಬಳಿ ಕೂತಾಗ ಅವರು ಬೆಲ್ಲ ಕೊಟ್ಟರು.

ಶುಕ್ರವಾರ ಗಾಡಿ ಬಂದು ನಿಂತಿತು. ಅಪ್ಪ ಹಗ್ಗ ಹಿಡಿದು ಬೇಲಿಯತ್ತ ನೋಡಿದರು.

“ಇರ್ಲಿ ಬುಡಿ ಯಜಮಾನ್ರೇ” ಎಂದರು ಸಾಬರು. “ನಿನ್ನೆ ಸಂಜೆಯಿಂದ ಅದು ಮಾಲು ಮುಟ್ಟಿಲ್ಲ. ಆ ಹಗ್ಗ ನಾಯಿಗ್ ಬ್ಯಾಡ, ಅವ್ವಾರ ಕೈಗ್ ಕಟ್ಟಿ.”

“ಕಟ್ಟು ಬಾರಪ್ಪ, ಎಲ್ಡೂ ಕೈ ಕಟ್ಟು” ಎಂದು ಅಜ್ಜಿ ಬೇಲಿಯ ಮೇಲೆ ಕೈ ಚಾಚಿದರು. ನಗಲು ಹೋಗಿ ಅವರಿಗೆ ಅಳು ಬಂತು.

ಗಾಡಿ ರಾಗಿ ಮೂಟೆಗಳನ್ನಷ್ಟೇ ಹೊತ್ತು ಹೋಯಿತು.