ಷಡ್ಡಕನ ಬಿಳಿ ಗಾಡಿಯ ಪಿಕಪ್

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಹೋದ ವರ್ಷ ದೊಡ್ಡದೊಂದು ಬಿಳಿ ಎಸ್‌ಯುವಿ ತೆಗೆದುಕೊಂಡ. ಸುದ್ದಿ ಕೇಳಿ ನನಗೆ ಹೊಟ್ಟೆ ಉರಿಯಿತು. ಬಹಳ ಸಂತೋಷವಾಯಿತು ಅಂತ ಫೋನಿನಲ್ಲಿ ಹೇಳಿದೆ. ಆದರೆ ಆ ಹೊತ್ತು ನನಗೆ ಊಟ ಸೇರಲಿಲ್ಲ.

ನನ್ನ ಹತ್ತಿರ ಗಾಡಿ ಇರಲಿಲ್ಲ ಅಂತಲ್ಲ. ಅದೂ ಅವನದರ ಹಾಗೆ ವಿದೇಶಿ ಕಂಪನಿಯದೇ, ಕಪ್ಪು ಬಣ್ಣ, ಡೀಸೆಲ್. ರಾಮನಗರದಲ್ಲಿ ರೇಷ್ಮೆ ನೂಲಿನ ವ್ಯಾಪಾರ ಮಾಡುವ ನಾನು ಅದನ್ನು ತಂದ ದಿನ ಗೂಡಿನ ಮಾರುಕಟ್ಟೆಯ ಮುಂದೆ ಬೇಕೆಂದೇ ಎರಡು ಸುತ್ತು ಹಾಕಿದ್ದೆ. ಆದರೆ ಅದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿದ್ದದ್ದು ನನ್ನ ಪಕ್ಕದ ಸೀಟು. ಅದು ನನ್ನ ಮಾವನವರದು. ಕೂಟಗಲ್ಲಿನಲ್ಲಿ ಹಿಪ್ಪುನೇರಳೆ ಬೆಳೆಯುವ ಮಾವ ಮದುವೆ, ತಿಥಿ, ಆಸ್ಪತ್ರೆ, ಯಾವುದಕ್ಕೆ ಹೊರಟರೂ ನನಗೇ ಫೋನು ಮಾಡುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿ, ಎಡಗೈಯಲ್ಲಿ ಬಾಗಿಲ ಮೇಲಿನ ಹಿಡಿಕೆ ಹಿಡಿದು, ಕಣ್ಣು ರಸ್ತೆಯ ಮೇಲಿಟ್ಟು ಅವರು ಕೂರುವ ಗತ್ತೇ ಬೇರೆ. ಅವರನ್ನು ಕೂರಿಸಿಕೊಂಡು ಊರೊಳಗೆ ಹೋಗುವಾಗ ಹಿರಿ ಅಳಿಯ ಅನ್ನಿಸಿಕೊಂಡದ್ದು ಸಾರ್ಥಕವಾಯಿತು ಅನ್ನಿಸುತ್ತಿತ್ತು.

ಈಗ ಆ ಸೀಟು ಹೋಗುತ್ತದೆ ಎಂಬುದೇ ನನ್ನ ಸಂಕಟ. ಷಡ್ಡಕ ಕನಕಪುರದ ಕಡೆ ಜೆಸಿಬಿ ಬಾಡಿಗೆಗೆ ಬಿಡುವವನು, ಮಾತು ಕಡಿಮೆ, ಯಾವಾಗಲೂ ಒಂದು ಸಣ್ಣ ನಗು. ಆ ನಗು ಕಂಡರೇ ನನಗಾಗುತ್ತಿರಲಿಲ್ಲ. ಒಂದು ವಾರ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಎರಡು ಗಾಡಿಗಳನ್ನೂ ಹೋಲಿಸಿ ತೋರಿಸುವ ವಿಡಿಯೋಗಳನ್ನೇ ನೋಡಿದೆ. ಗಿರಾಕಿಗಳು ನೂಲು ಹಿಡಿದುಕೊಂಡು ನಿಂತೇ ಇರುತ್ತಿದ್ದರು. ಎಳೆತದಲ್ಲಿ ನನ್ನದು ಮೇಲು, ದಿಬ್ಬ ಹತ್ತುವುದರಲ್ಲೂ ನನ್ನದೇ. ಆದರೆ ನಿಂತಲ್ಲಿಂದ ನೂರರ ವೇಗ ಮುಟ್ಟುವುದರಲ್ಲಿ ಅವನದು ಅರ್ಧ ಸೆಕೆಂಡು ಮುಂದೆ. ಅರ್ಧ ಸೆಕೆಂಡಿನಲ್ಲಿ ಸರಿಯಾಗಿ ಒಂದು ಸೀನು ಕೂಡ ಸೀನಲಾಗದು. ಆದರೂ ಅದು ನನ್ನ ಎದೆಯ ಮೇಲೆ ಬಂದು ಕೂತಿತು. ವಿಡಿಯೋದವರು ಓಡಿಸಿದ್ದು ಎಲ್ಲೋ, ನಮ್ಮ ರಸ್ತೆಯಲ್ಲಿ ಓಡಿಸಿ ನೋಡಲಿ ಅಂದುಕೊಂಡೆ.

ಗಾಡಿ ಪೂಜೆ ಕೆಂಗಲ್ ಆಂಜನೇಯನ ಗುಡಿಯಲ್ಲಿ. ನಾನೂ ಹೆಂಡತಿಯೂ ಹೋದೆವು. ಅರ್ಚಕರು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಿಸಿದರು. ಷಡ್ಡಕ ಗಾಡಿ ಮುಂದೆ ಬಿಟ್ಟಾಗ ನಾಲ್ಕೂ ಒಮ್ಮೆಗೇ ಅಪ್ಪಚ್ಚಿಯಾದವು. ಒಂದಾದರೂ ಜಾರಿಕೊಳ್ಳಲಿ ಅಂತ ನಾನು ಆಂಜನೇಯನ ಮುಂದೆಯೇ ಬಯಸಿದ್ದೆ. ಪೂಜೆ ಮುಗಿದ ಮೇಲೆ ಮಾವ ಹೊಸ ಗಾಡಿಯ ಮುಂದಿನ ಸೀಟಿಗೆ ಹತ್ತಿದರು. ಹೊಸ ಗಾಡಿಗೆ ಹತ್ತುವುದು ಸಹಜ, ಯಾರಾದರೂ ಹತ್ತುತ್ತಾರೆ. ಆದರೂ ನನ್ನ ಪಕ್ಕದ ಸೀಟಿನಲ್ಲಿ ಹೆಂಡತಿ ಬಂದು ಕೂತಾಗ ನನಗೆ ಅವಳ ಮೇಲೇ ಸಿಟ್ಟು ಬಂತು.

ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದೆವು. ಮಾವನಿಗೆ ಎರಡನೇ ಸಲ ಬೆಣ್ಣೆ ಹಾಕಿಸಿದವನೂ ಷಡ್ಡಕನೇ. ಅಲ್ಲಿಂದ ಒಳದಾರಿಯಲ್ಲಿ ಕೂಟಗಲ್ಲಿಗೆ ಹೊರಟಾಗ ದಾರಿಯಲ್ಲೊಂದು ಹೊಸ ಲೇಔಟು ಸಿಕ್ಕಿತು. ಸೈಟಿನ ಕಲ್ಲು ನೆಟ್ಟು, ಅಗಲವಾಗಿ ಟಾರು ಹಾಕಿ, ಕರೆಂಟ್ ಕಂಬ ನಿಲ್ಲಿಸಿದ್ದರು. ಒಂದು ಮನೆಯೂ ಎದ್ದಿರಲಿಲ್ಲ, ಒಂದು ನಾಯಿಯೂ ಇರಲಿಲ್ಲ. ರಸ್ತೆಯ ಆ ತುದಿಯಲ್ಲಿ ಒಂದು ನೀರಿನ ಟ್ಯಾಂಕು. ನಾನು ಗಾಡಿ ನಿಲ್ಲಿಸಿ ಇಳಿದು ಅವನ ಕಿಟಕಿಯ ಹತ್ತಿರ ಹೋದೆ.

"ಖಾಲಿ ರೋಡು ಐತೆ ಕಣ್ಲಾ. ಟ್ಯಾಂಕಿನ ತಂಕ ಯಾರ್ದು ಪಿಕಪ್ ಜಾಸ್ತಿ, ನೋಡೇಬುಡಾನ."

ಅವನು ಒಂದು ಗಳಿಗೆ ಯೋಚಿಸಿ, ಆಗಲಿ ಅನ್ನುವಂತೆ ತಲೆಯಾಡಿಸಿದ. ಅದೇ ಸಣ್ಣ ನಗು. ಪಕ್ಕದ ಸೀಟನ್ನು ಹಿಂದಕ್ಕೆ ಒರಗಿಸಿದ್ದರಿಂದ ಮಾವನ ಪಂಚೆಯ ಅಂಚಷ್ಟೇ ನನಗೆ ಕಂಡಿತು. ಅವನ ಗಾಡಿಯಲ್ಲಿ ಕೂತೇ ಅವನ ಸೋಲು ನೋಡಲಿ ಅಂತ ಖುಷಿಪಟ್ಟೆ. ಹೆಂಡತಿ, ನಿಮ್ಮಿಬ್ಬರಿಗೂ ವಯಸ್ಸಾಗಿರುವುದು ಕೂದಲಿಗೆ ಮಾತ್ರ ಅಂತ ಗೊಣಗುತ್ತಾ ಬೆಲ್ಟು ಹಾಕಿಕೊಂಡಳು.

ಎರಡೂ ಗಾಡಿ ಪಕ್ಕಪಕ್ಕ ನಿಂತವು. ಮೂರನೇ ಹಾರ್ನಿಗೆ ಹೊರಡುವುದು ಅಂತ ಮಾತಾಗಿತ್ತು. ಮೂರನೆಯದನ್ನು ನಾನು ಬಾರಿಸಿದ್ದೋ, ಕಾಲು ಒತ್ತಿದ್ದೋ ಮೊದಲು, ಈಗ ಹೇಳಲಾರೆ. ಎಂಜಿನ್ ಒಮ್ಮೆ ಗುಟುರು ಹಾಕಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಪ್ರಸಾದದ ತೆಂಗಿನಕಾಯಿ ಹೋಳು ಹಾರಿ ಹಿಂದಿನ ಸೀಟಿಗೆ ಬಿತ್ತು. ಹೆಂಡತಿ ಕಣ್ಣು ಮುಚ್ಚಿಕೊಂಡು ಆಂಜನೇಯನನ್ನು ಕೂಗಿದಳು. ಟ್ಯಾಂಕಿನ ಹತ್ತಿರ ಬ್ರೇಕು ಒತ್ತಿ ಕನ್ನಡಿ ನೋಡಿದರೆ ಬಿಳಿ ಗಾಡಿ ದೂರದಲ್ಲಿ ಎಲ್ಲೋ ಇತ್ತು. ಅರ್ಧ ಸೆಕೆಂಡು ಹಾಳಾಗಲಿ, ಅದು ನಿಧಾನಕ್ಕೆ, ಹೆಣ್ಣು ನೋಡಲು ಹೊರಟವರ ಹಾಗೆ ಬರುತ್ತಿತ್ತು. ಅಷ್ಟು ಸಂತೋಷ ನನಗೆ ಗಾಡಿ ತಂದ ದಿನವೂ ಆಗಿರಲಿಲ್ಲ. ಇಳಿದು, ಷರಟು ಸರಿಮಾಡಿಕೊಂಡು, ಮಾವ ಏನನ್ನುತ್ತಾರೋ ಕೇಳೋಣ ಅಂತ ರಸ್ತೆಯ ನಡುವೆ ನಿಂತೆ.

ಅವನು ಹತ್ತಿರ ಬಂದು ಕಿಟಕಿ ಇಳಿಸಿ ತುಟಿಯ ಮೇಲೆ ಬೆರಳಿಟ್ಟ.

"ಮಾವ ಒಸಿ ಕಣ್ಮುಚ್ಚವ್ರೆ ಅಣ್ಣ. ಎಚ್ರ ಆಯ್ತದೆ ಅಂತ ಜೋರಾಗಿ ಒತ್ನಿಲ್ಲ," ಅಂತ ಪಿಸುಗುಟ್ಟಿದ.

ಬಗ್ಗಿ ನೋಡಿದೆ. ಮಾವ ಬಾಯಿ ತೆರೆದು ಮಲಗಿದ್ದರು. ಎರಡು ಕೈಗಳೂ ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು. ಬಾಗಿಲ ಮೇಲಿನ ಹಿಡಿಕೆ ಖಾಲಿಯಿತ್ತು. ಇಷ್ಟು ವರ್ಷ ನನ್ನ ಗಾಡಿಯಲ್ಲಿ ತಿರುಗಿದ ಮನುಷ್ಯ ಒಂದು ದಿನ ತೂಕಡಿಸಿದ್ದನ್ನೂ ನಾನು ಕಂಡಿರಲಿಲ್ಲ. ಗತ್ತು ಅಂದುಕೊಂಡಿದ್ದೆನಲ್ಲ, ಅದು ಏನು ಅಂತ ಆಗ ಹೊಳೆಯಿತು. ಓಟದಲ್ಲಿ ನಾನೇ ಸೋತಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವನ ಗಾಡಿಯಲ್ಲಿ ಮಾವನಿಗೆ ಬಂದ ಆ ನಿದ್ದೆ ನನ್ನ ಗಾಡಿಯಲ್ಲಿ ಬರಬೇಕಿತ್ತು.

ನಮ್ಮ ಮಾತಿಗೋ ಏನೋ ಮಾವನಿಗೆ ಎಚ್ಚರವಾಯಿತು. ಬಾಯಿ ಒರೆಸಿಕೊಂಡು, ನನ್ನ ಮುಖ ನೋಡಿದರು. ಅವರಿಗೆ ಏನು ಕಂಡಿತೋ, ಬಾಗಿಲು ತೆಗೆದು ಇಳಿದೇಬಿಟ್ಟರು. "ಇಲ್ಲಿಂದ ಹಿರೀ ಅಳಿಯಂದ್ರ ಗಾಡೀಲಿ ಬತ್ತೀನಿ," ಅಂದರು. ಹೆಂಡತಿ ಹಿಂದಕ್ಕೆ ಹೋಗಿ ತೆಂಗಿನಕಾಯಿ ಹೋಳು ಸರಿಸಿ ಕೂತಳು. ನಾನಿನ್ನೂ ಗಾಡಿ ಸ್ಟಾರ್ಟ್ ಮಾಡಿರಲಿಲ್ಲ, ಆಗಲೇ ಅವರ ಎಡಗೈ ಮೇಲಕ್ಕೆ ಹೋಗಿ ಹಿಡಿಕೆ ಹಿಡಿಯಿತು.

ಒಂದು ಗುಂಡಿಗೂ ಚಕ್ರ ಬೀಳದ ಹಾಗೆ ಓಡಿಸಿದೆ. ಎಸಿ ಕಡಿಮೆ ಮಾಡಿದೆ. ಒಂದು ಎತ್ತಿನಗಾಡಿಯನ್ನೂ ಹಿಂದಿಕ್ಕಲು ಹೋಗಲಿಲ್ಲ. ಮಧ್ಯೆ ಮಧ್ಯೆ ಕಳ್ಳನ ಹಾಗೆ ಅವರ ಕಣ್ಣು ನೋಡುತ್ತಿದ್ದೆ, ರೆಪ್ಪೆ ಭಾರವಾಗಿರಬಹುದೇ ಅಂತ. ಹಿಂದೆ ಬಿಳಿ ಗಾಡಿ ಹಾರ್ನು ಮಾಡದೆ ಬರುತ್ತಿತ್ತು. ಆ ತಾಳ್ಮೆಗೂ ನನಗೆ ಮೈ ಉರಿಯಿತು.

ಊರು ಹತ್ತಿರವಾದಾಗ ಮಾವ ನನ್ನನ್ನು ಸಮಾಧಾನ ಮಾಡುವವರ ಹಾಗೆ ಬಾಯಿಬಿಟ್ಟರು.

"ನಿಮ್ ಗಾಡಿ ಪಿಕಪ್ ಬಲು ಜೋರು ಅಳಿಯಂದ್ರೆ," ಅಂದರು, ಹಿಡಿಕೆ ಬಿಡದೆ.

ನಾನಾಗ ಮೂವತ್ತರ ವೇಗದಲ್ಲಿ ಹೋಗುತ್ತಿದ್ದೆ.